ಕೌದಿ ಹಪ್ಪಳದ ಹಾಗೆ ಎದ್ದಿದೆಯಾ? ಚಿಂದಿ ಕೌದಿಯ ತಪ್ಪು ಹುಡುಕುವ ಕೈಪಿಡಿ

ಹಳೇ ಬಟ್ಟೆಯ ಪದರ ಕೂಡಿಸಿ ಹೊಲಿದ ಕೌದಿ ಕೆಟ್ಟಿತು ಅನ್ನಿಸಿದ ಕೂಡಲೇ ಕೈ ಕತ್ತರಿಗೆ ಹೋಗುತ್ತದೆ. ಹೋಗಲು ಬಿಡಬೇಡಿ. ಬಿಚ್ಚಿದ ಮೇಲೆ ತಪ್ಪಿನ ಗುರುತೂ ಬಿಚ್ಚಿಹೋಗುತ್ತದೆ. ಮತ್ತೆ ಹೊಲಿದಾಗ ಅದೇ ಸುಕ್ಕು ಅದೇ ಜಾಗಕ್ಕೆ ಬಂದು ಕೂತಿರುತ್ತದೆ. ನಾನು ಒಂದೇ ಮೂಲೆಯನ್ನು ಮೂರು ಸಲ ಬಿಚ್ಚಿ ಹೊಲಿದವಳು. ತಪ್ಪು ಆ ಮೂಲೆಯಲ್ಲಿ ಇರಲೇ ಇಲ್ಲ, ಎರಡು ಮೊಳ ದೂರ ನಡುವೆ ಇತ್ತು.

ನಾನು ಕಲಬುರಗಿಯಲ್ಲಿ ಮನೆಯಲ್ಲೇ ಬ್ಲೌಸ್, ಲಂಗ ಹೊಲಿಯುತ್ತೇನೆ. ರಂಜಾನ್, ಯುಗಾದಿ, ದೀಪಾವಳಿ ಹತ್ತಿರ ಬಂದರೆ ಮಷೀನಿನ ಕೆಳಗೆ ಚಿಂದಿ ರಾಶಿ ಬೀಳುತ್ತದೆ. ಟು ಬೈ ಟು ಅನ್ನುವ ಬ್ಲೌಸಿನ ಹತ್ತಿ ಬಟ್ಟೆ, ಹತ್ತಿ ಪಾಲಿಯೆಸ್ಟರ್ ಬೆರೆತ ಟೆರಿಕಾಟ್, ಜಾರ್ಜೆಟ್, ಲೈನಿಂಗ್ ಬಟ್ಟೆ, ಎಲ್ಲ ಒಂದೇ ಚೀಲದಲ್ಲಿ. ಕೌದಿಯ ಅರ್ಧ ರೋಗ ಹುಟ್ಟುವುದು ಆ ಚೀಲದಲ್ಲೇ.

ಇಲ್ಲಿ ಹೇಳುತ್ತಿರುವುದು ನಮ್ಮ ಕಡೆಯ ಸಾದಾ ಕೌದಿಯ ಮಾತು. ಕೆಳಗೆ ಹಳೇ ಸೀರೆಯ ಅಸ್ತರ, ನಡುವೆ ಒಂದೆರಡು ಪದರ ಹಳೇ ಬಟ್ಟೆ, ಮೇಲೆ ಚಿಂದಿ ಜೋಡಿಸಿದ ಹಾಸು. ತುಂಡು ಜೋಡಿಸುವುದು ಮಷೀನಿನಲ್ಲಿ, ಪದರ ಕೂಡಿಸುವುದು ಕೈಯಲ್ಲಿ. ಪೂರ್ತಿ ಕೈಯಲ್ಲೇ ಹೊಲಿಯುವವರು ಮಷೀನಿನ ಭಾಗ ಬಿಟ್ಟು ಮುಂದೆ ಹೋಗಿ.

ಮೊದಲು ಫರಸಿ ಮೇಲೆ ಹಾಸಿ ನೋಡಿ

ಯಾವ ತೊಂದರೆಯೇ ಇರಲಿ, ಇದು ಮೊದಲ ಪರೀಕ್ಷೆ. ಖರ್ಚು ಏನೂ ಇಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದ್ ಫರಸಿ, ಅಂದರೆ ಕಲ್ಲು ಹಾಸಿದ ನೆಲ, ಇರುತ್ತದೆ ಅಲ್ವಾ, ಅದರ ಸಂದುಗಳು ನೇರ ಗೀಟು ಎಳೆದ ಹಾಗೆ. ಕೌದಿಯ ಒಂದು ಅಂಚನ್ನು ಒಂದು ಸಂದಿಗೆ ಹೊಂದಿಸಿ ಹಾಸಿ. ಕೈಯಿಂದ ಸವರಬೇಡಿ, ಮೂಲೆ ಎಳೆಯಬೇಡಿ. ಬಿದ್ದ ಹಾಗೆ ಬಿಟ್ಟು, ಎದ್ದು ನಿಂತು ನೋಡಿ.

ಸುಕ್ಕು ಬರೀ ಹೊಲಿಗೆಯ ಗೆರೆಯ ಮೇಲೆ ಇದ್ದರೆ ತಪ್ಪು ದಾರದ್ದು. ನಡುವೆ ಗುಳ್ಳೆ ಎದ್ದಿದ್ದರೆ ಪದರ ಜರುಗಿವೆ. ಅಂಚು ಅಲೆ ಅಲೆಯಾಗಿದ್ದರೆ ಬಟ್ಟೆ ಕತ್ತರಿಸಿದ ದಿಕ್ಕು ತಪ್ಪಿದೆ. ಅಂಚು ಬಿಗಿಯಾಗಿ ನಿಂತು ಹೊಟ್ಟೆ ಉಬ್ಬಿದ್ದರೆ ಸುತ್ತಲಿನ ಪಟ್ಟಿ ಗಿಡ್ಡವಾಗಿದೆ.

ಆಮೇಲೆ ತಿರುವಿ ಹಾಸಿ. ಮೇಲಿನ ಬದಿ ನೆಂಟರಿಗೆ ತೋರಿಸಲು. ಕೆಳಗಿನ ಬದಿಯೇ ನಿಜ ಹೇಳುವುದು.

ಮೇಲೆ ಚೆಂದ, ಕೆಳಗೆ ದಾರದ ಗೂಡು

ಕೆಳಗೆ ದಾರ ಗುಂಜು ಕಟ್ಟಿದರೆ ಎಲ್ಲರೂ ಬಾಬಿನ್ನಿಗೆ, ಅಂದರೆ ಮಷೀನಿನ ಕೆಳಗಿನ ದಾರ ಸುತ್ತಿದ ಚಿಕ್ಕ ಉರುಳೆಗೆ, ಬೈಯುತ್ತಾರೆ. ಪಾಪ, ಅದರದ್ದು ತಪ್ಪಿರುವುದು ಕಡಿಮೆ. ಮೇಲಿನ ದಾರಕ್ಕೆ ಹಿಡಿತ ಇಲ್ಲದಿದ್ದರೆ ಅದು ಸಡಿಲವಾಗಿ ಕೆಳಗೆ ಇಳಿದು ಗೂಡು ಕಟ್ಟುತ್ತದೆ. ಹಾಗಾಗಿ ಕೆಳಗೆ ಗುಂಜಾದರೆ ಮೇಲೆ ಹುಡುಕಿ. ಮೇಲ್ಗಡೆ ದಾರದ ಕುಣಿಕೆ ಕಂಡರೆ ಬಾಬಿನ್ ಸಡಿಲ, ಇಲ್ಲವೇ ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿ, ಜಾಸ್ತಿ.

ಮೊದಲು ನಗು ಬರುವ ಕಾರಣ ನೋಡಿ: ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಇಳಿಸಿದ್ದೀರಾ? ಚಿಂದಿ ಕೂಡಿದಲ್ಲಿ ದಪ್ಪ ಇರುತ್ತದೆ, ಎತ್ತಿದ ಫೂಟ್ ಇಳಿದ ಹಾಗೇ ಕಾಣುತ್ತದೆ. ನಾನೇ ಎಷ್ಟು ಸಲ ಮರೆತಿದ್ದೇನೆ. ಅದು ಸರಿ ಇದ್ದರೆ ಮೇಲಿನ ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪೋಣಿಸುವಾಗ ಫೂಟ್ ಎತ್ತಿರಬೇಕು. ಆಗ ಮಾತ್ರ ಟೆನ್ಷನ್ ಬಿಲ್ಲೆಗಳು ಬಾಯಿ ಬಿಟ್ಟಿರುತ್ತವೆ, ದಾರ ಅವುಗಳ ನಡುವೆ ಕೂರುತ್ತದೆ. ಫೂಟ್ ಇಳಿಸಿ ಪೋಣಿಸಿದರೆ ದಾರ ಬಿಲ್ಲೆಗಳ ಮೇಲೇ ಜಾರಿಕೊಂಡು ಹೋಗುತ್ತದೆ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದೆ ಹಿಡಿದುಕೊಂಡು ಮೂರು ನಾಲ್ಕು ಹೊಲಿಗೆ ಹಾಕಿ. ಎಷ್ಟೋ ಗೂಡು ಇಷ್ಟಕ್ಕೇ ನಿಲ್ಲುತ್ತದೆ.

ನಿಲ್ಲದಿದ್ದರೆ ಬಾಬಿನ್ ಕೇಸ್ ತೆಗೆದು ಒಳಗಿನ ಧೂಳು, ದಾರದ ಚೂರು ಬ್ರಷ್‌ನಿಂದ ತೆಗೆಯಿರಿ. ಹಳೇ ಬಟ್ಟೆ ಹೊಸದಕ್ಕಿಂತ ಜಾಸ್ತಿ ಧೂಳು ಬಿಡುತ್ತದೆ. ಮಷೀನಿಗೆ ಮೋಟಾರ್ ಕೂರಿಸಿದ್ದರೆ ಬ್ರಷ್ ಹಿಡಿಯುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಅಂತ ಸುಮ್ನಿರಬೇಡಿ, ಕಾಲು ಪೆಡಲ್ ಮೇಲೆ ಬಿದ್ದರೆ ಬೆರಳಿಗೆ ಸೂಜಿ.

ಈಗ ಬಾಬಿನ್ ಪರೀಕ್ಷೆ. ದಾರದ ತುದಿ ಹಿಡಿದು ಬಾಬಿನ್ ಕೇಸನ್ನು ತೂಗುಬಿಡಿ. ಅದು ಅಲ್ಲೇ ನೇತಾಡಬೇಕು. ಮೆಲ್ಲಗೆ ಜಾಡಿಸಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲುಗದೇ ಇದ್ದರೆ ಬಿಗಿ. ಕೇಸಿನ ಚಿಕ್ಕ ಸ್ಕ್ರೂ ತಿರುಗಿಸುವುದು ಎಲ್ಲ ಮುಗಿದ ಮೇಲೆ, ಅದೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಆ ಸ್ಕ್ರೂ ಬಿದ್ದರೆ ಫರಸಿ ಸಂದಿಯಲ್ಲಿ ಸಿಗುವುದಿಲ್ಲ. ತಟ್ಟೆಯ ಮೇಲೆ ಹಿಡಿದು ಮಾಡಿ.

ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ, ದಾರ ಹರಿಯುತ್ತಿದೆ, ಸೂಜಿ ಮುರಿಯುತ್ತಿದೆ

ಮೂರಕ್ಕೂ ಮೊದಲ ಮದ್ದು ಹೊಸ ಸೂಜಿ. ಒಂದು ಸೂಜಿಯ ಬೆಲೆ ನೋಡಿ, ನೀವು ಹಾಳು ಮಾಡುವ ಮಧ್ಯಾಹ್ನ ನೋಡಿ. ಹಳೇ ಸೂಜಿಯ ಚಪ್ಪಟೆ ಬದಿಯನ್ನು ಕನ್ನಡಿಯ ಮೇಲೆ ಇಟ್ಟು ಪಕ್ಕದಿಂದ ನೋಡಿ. ಸೂಜಿಗೂ ಕನ್ನಡಿಗೂ ನಡುವಿನ ಸಂದು ತುದಿಯವರೆಗೆ ಒಂದೇ ಸಮ ಇಲ್ಲದಿದ್ದರೆ ಅದು ಬಾಗಿದೆ. ತುದಿಯನ್ನು ಉಗುರಿನ ಮೇಲೆ ಹಗುರವಾಗಿ ಎಳೆಯಿರಿ, ಗೀಚಿದರೆ ಮೊನೆ ಮುರಿದಿದೆ.

ಸೂಜಿ ಉಲ್ಟಾ ಕೂತಿದ್ದರೂ ಹೊಲಿಗೆ ಬಿಡುತ್ತದೆ. ಸೂಜಿಯಲ್ಲಿ ಉದ್ದಕ್ಕೆ ಒಂದು ಗೀರು ಇರುತ್ತದೆ. ನೀವು ಯಾವ ಕಡೆಯಿಂದ ದಾರ ಪೋಣಿಸುತ್ತೀರೋ ಆ ಕಡೆಗೆ ಆ ಗೀರು, ಅದರ ಎದುರಿಗೆ ಚಪ್ಪಟೆ ಬದಿ. ನಂಬರ್ ಕೂಡ ನೋಡಿ. ಎರಡು ಪದರ ಹತ್ತಿ ಬಟ್ಟೆಗೆ 14 ಸಾಕು. ಮೂರು ನಾಲ್ಕು ಪದರಕ್ಕೆ 16. ಪ್ಯಾಂಟಿನ ಟೆರಿಕಾಟ್, ಜೀನ್ಸ್ ಬಂದರೆ 18.

ದಾರ ಹರಿಯುತ್ತಿದ್ದರೆ ಒಂದು ಮೊಳ ಬಿಚ್ಚಿ ಎರಡು ಕೈಯಲ್ಲಿ ಹಿಡಿದು ಜಗ್ಗಿ. ಪಟ್ಟನೆ ಹರಿದರೆ ರೀಲೇ ಹಳತಾಗಿದೆ. ಅಂಥದನ್ನು ಆಮೇಲೆ ಬಿಚ್ಚಿಹಾಕುವ ಕಚ್ಚಾ ಹೊಲಿಗೆಗೆ ಇಟ್ಟುಕೊಳ್ಳಿ.

ಸೂಜಿ ಪದೇ ಪದೇ ಒಂದೇ ಜಾಗದಲ್ಲಿ ಮುರಿದರೆ ಅಲ್ಲಿ ನಾಲ್ಕು ತುಂಡು ಕೂಡಿರುತ್ತವೆ. ಮೇಲಿನ ನಾಲ್ಕು, ಒಳಗೆ ಮಡಚಿದ ಅಂಚುಗಳು ಬೇರೆ. ಅಲ್ಲಿ ಕಾಲು ತೆಗೆದು ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಿ. ಇನ್ನೊಂದು ಕಾರಣ ನಮ್ಮ ಕೈ: ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತೇವೆ, ಸೂಜಿ ಬಾಗಿ ಪ್ಲೇಟಿಗೆ ಬಡಿಯುತ್ತದೆ. ಮಷೀನಿನ ಹಲ್ಲು ಬಟ್ಟೆಯನ್ನು ತಾನೇ ಒಯ್ಯಲಿ, ನೀವು ಬರೀ ದಾರಿ ತೋರಿಸಿ.

ಸೂಜಿ ಮುರಿದರೆ ಅಲ್ಲೇ ನಿಲ್ಲಿಸಿ. ಎಲ್ಲ ಚೂರೂ ಸಿಗುವ ತನಕ ಮುಂದೆ ಹೊಲಿಯಬೇಡಿ. ಚೂರುಗಳನ್ನು ಫರಸಿ ಮೇಲೆ ಕೂಡಿಸಿಟ್ಟು ಒಂದು ಪೂರ್ತಿ ಸೂಜಿ ಆಗುತ್ತದಾ ನೋಡಿ. ಆಗದಿದ್ದರೆ ಅಯಸ್ಕಾಂತ ಆಡಿಸಿ. ಹಳೇ ಸ್ಪೀಕರಿನ ಅಯಸ್ಕಾಂತವೂ ನಡೆಯುತ್ತದೆ. ಈ ಕೌದಿಯ ಮೇಲೆ ಮಲಗುವವರು ಮಕ್ಕಳು ಅನ್ನುವುದು ನೆನಪಿರಲಿ. ತುಕ್ಕು ಹಿಡಿದ ಸೂಜಿ ಚುಚ್ಚಿದರೆ ಸಾಬೂನು ನೀರಲ್ಲಿ ಚೆನ್ನಾಗಿ ತೊಳೆದು, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಡಾಕ್ಟರಿಗೆ ಹೇಳಿ. ಚೂರು ಬೆರಳೊಳಗೆ ಉಳಿದಿದೆ ಅನ್ನಿಸಿದರೆ ಮನೆಯಲ್ಲಿ ಇನ್ನೊಂದು ಸೂಜಿಯಿಂದ ಕೆದಕಬೇಡಿ, ನೇರ ದವಾಖಾನೆಗೆ ಹೋಗಿ.

ಹೊಸ ಸೂಜಿ, ಸರಿಯಾದ ದಾರ, ಸರಿಯಾಗಿ ಪೋಣಿಸಿದ್ದು, ಆದರೂ ಬರೀ ಎರಡು ಪದರ ಬಟ್ಟೆಯಲ್ಲೇ ಹೊಲಿಗೆ ಬಿಡುತ್ತಿದ್ದರೆ, ಅಥವಾ ಬಟ್ಟೆ ಇಲ್ಲದೆ ತಿರುಗಿಸಿದರೂ ಸೂಜಿ ಎಲ್ಲೋ ಕಟ್ ಅಂತ ತಾಗುತ್ತಿದ್ದರೆ, ಅದು ಟೈಮಿಂಗಿನ ತೊಂದರೆ, ಅಂದರೆ ಸೂಜಿಗೂ ಕೆಳಗೆ ದಾರ ಹಿಡಿಯುವ ಕೊಕ್ಕೆಗೂ ಹೊಂದಾಣಿಕೆ ತಪ್ಪಿದೆ. ಮೆಕ್ಯಾನಿಕ್‌ಗೆ ಕೊಡಿ. ಮೋಟಾರಿನಿಂದ ಸುಟ್ಟ ವಾಸನೆ ಬಂದರೆ, ಪೆಡಲ್ ಮುಟ್ಟಿದರೆ ಜುಂ ಅಂದರೆ, ಪ್ಲಗ್ ಕಿತ್ತು ಅಲ್ಲಿಗೇ ಕೆಲಸ ಮುಗಿಸಿ. ಎಣ್ಣೆ ವಿಷಯ ಒಂದು ಮಾತು: ಕೊಬ್ಬರಿ ಎಣ್ಣೆ ತಲೆಗೆ, ಮಷೀನಿಗಲ್ಲ. ಕೆಲವು ತಿಂಗಳಲ್ಲಿ ಅಂಟಾಗಿ ಹಿಡಿದುಕೊಳ್ಳುತ್ತದೆ. ಮಷೀನ್ ಎಣ್ಣೆಯ ಚಿಕ್ಕ ಬಾಟಲಿ ಬಹಳ ದಿನ ಬರುತ್ತದೆ.

ಸಾಲಿಗೆ ಸಾಲು ಕೂಡುತ್ತಿಲ್ಲ

ಒಂದು ಸಾಲು ಐದು ಅಡಿ ಬಂತು, ಇನ್ನೊಂದು ಒಂದು ಇಂಚು ಗಿಡ್ಡ. ತುಂಡು ಎಲ್ಲ ಒಂದೇ ಅಳತೆಗೆ ಕತ್ತರಿಸಿದ್ದೆ, ಇದು ಹೇಗೆ?

ಲೆಕ್ಕ ಹಾಕಿ. ಸಾಲಿಗೆ 12 ತುಂಡು ಅಂದರೆ 11 ಹೊಲಿಗೆ. ಪ್ರತಿ ಹೊಲಿಗೆಯಲ್ಲಿ ಒಂದೇ ಒಂದು ಮಿಲಿಮೀಟರ್ ಜಾಸ್ತಿ ಒಳಗೆ ಹೋದರೆ, ಎರಡೂ ಕಡೆಯ ತುಂಡಿನಿಂದ ಸೇರಿ ಎರಡು ಮಿಲಿಮೀಟರ್ ಹೋಯಿತು. ಹನ್ನೊಂದು ಹೊಲಿಗೆಗೆ 22 ಮಿಲಿಮೀಟರ್, ಹತ್ತಿರ ಹತ್ತಿರ ಒಂದು ಇಂಚು. ಕಣ್ಣಿಗೆ ಕಾಣದ್ದು ಕೊನೆಯಲ್ಲಿ ಕಾಣುತ್ತದೆ.

ಪರೀಕ್ಷೆ ಸುಲಭ. ಎರಡೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಕಾಲು ಇಂಚು ಒಳಗೆ ಬಿಟ್ಟು ಪಕ್ಕ ಪಕ್ಕ ಹೊಲಿಯಿರಿ. ಇಸ್ತ್ರಿ ಮಾಡಿ ನಡುವಿನ ಪಟ್ಟಿ ಅಳೆಯಿರಿ. ಸರಿಯಾಗಿ ಎರಡು ಇಂಚು ಬರಬೇಕು. ಕಡಿಮೆ ಬಂದರೆ ನೀವು ಜಾಸ್ತಿ ಒಳಗೆ ಹೊಲಿಯುತ್ತಿದ್ದೀರಿ. ಸೂಜಿಯಿಂದ ಅಳೆದು ಪ್ಲೇಟಿನ ಮೇಲೆ ಒಂದು ಟೇಪಿನ ತುಂಡು ಅಂಟಿಸಿ, ಬಟ್ಟೆಯ ಅಂಚು ಅದನ್ನೇ ಸವರಿಕೊಂಡು ಹೋಗಲಿ. ನೂಲು ಬಿಡುವ ಬಟ್ಟೆಗೆ ಕಾಲು ಇಂಚು ಸಾಲದು. ನಾನು ಅರ್ಧ ಇಂಚು ಬಿಡುತ್ತೇನೆ. ಆದರೆ ಇಡೀ ಕೌದಿಗೆ ಒಂದೇ ಲೆಕ್ಕ ಇರಬೇಕು, ತುಂಡನ್ನೂ ಅದಕ್ಕೆ ತಕ್ಕ ಹಾಗೆ ದೊಡ್ಡದು ಕತ್ತರಿಸಬೇಕು.

ಅಳತೆ ಸರಿ, ಆದರೂ ಕೌದಿ ಓರೆಯಾಗಿ ಕಾಣುತ್ತದೆ ಅಂದರೆ ಮೂಲೆಯಿಂದ ಮೂಲೆಗೆ ಎರಡೂ ದಿಕ್ಕಲ್ಲಿ ಅಳೆಯಿರಿ. ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿಗೆ ಎರಡೂ ಹೆಚ್ಚುಕಡಿಮೆ 103 ಇಂಚು ಬರಬೇಕು. ಒಂದು ಬೆರಳಿನ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ, ಹಾಸಿದ ಮೇಲೆ ಯಾರೂ ಟೇಪು ಹಿಡಿದು ಬರುವುದಿಲ್ಲ. ನಾಲ್ಕು ಬೆರಳು ಇದ್ದರೆ ಪದರ ಕೂಡಿಸುವ ಮುಂಚೆ ಅಂಚು ಕತ್ತರಿಸಿ ಸರಿಮಾಡಿ. ಪದರ ಕೂಡಿಸಿದ ಮೇಲೆ ಅದು ಸರಿಯಾಗುವುದಿಲ್ಲ.

ಹಪ್ಪಳ: ಸುಕ್ಕು, ಗುಳ್ಳೆ, ಅಲೆ

ಜಾಸ್ತಿ ಜನ ಅಳುವುದು ಇದಕ್ಕೇ.

ಸುಕ್ಕು ಹೊಲಿಗೆಯ ಗೆರೆಯಲ್ಲೇ ಇದ್ದು ಎರಡು ಗೆರೆಗಳ ನಡುವಿನ ಬಟ್ಟೆ ಸಮ ಇದ್ದರೆ ದಾರ ಬಿಗಿಯಾಗಿದೆ. ನಮ್ಮ ದೊಡ್ಡವ್ವ ಕೌದಿ ಹೊಲಿಯುತ್ತಾ ನನ್ನ ಕಡೆ ಒಂದು ಸಾಲು ಬಿಟ್ಟುಕೊಡುತ್ತಿದ್ದಳು. ಎರಡು ಗೇಣು ಹೊಲಿಯುವಷ್ಟರಲ್ಲಿ ಬೈಗುಳ ಬರುತ್ತಿತ್ತು: "ದಾರ ಯಾಕ ಹಂಗ ಜಗ್ಗಲತ್ತಿ? ಬಾವಿ ಹಗ್ಗ ಏನದು?" ಅವಳು ಸೂಜಿಯಲ್ಲಿ ನಾಲ್ಕೈದು ಹೊಲಿಗೆ ತುಂಬಿಕೊಂಡು ದಾರ ಎಳೆದ ಮೇಲೆ, ಎಡಗೈಯ ಹೆಬ್ಬೆರಳಿನಿಂದ ಹೊಲಿದ ಜಾಗವನ್ನು ಒಮ್ಮೆ ಹಿಂದಕ್ಕೆ ಸವರುತ್ತಿದ್ದಳು. ಬಿಗಿದ ಬಟ್ಟೆ ದಾರದ ಮೇಲೆ ಹರಡಿಕೊಳ್ಳುತ್ತಿತ್ತು. ಅಷ್ಟೇ ಕೆಲಸ. ನಾನು ಅದನ್ನು ಕಲಿಯಲು ಎರಡು ಕೌದಿ ಬೇಕಾಯಿತು.

ಬಿಗಿಯಾಗಿದೆಯಾ ಅಂತ ನೋಡಲು ಕೌದಿಯನ್ನು ಗೆರೆಯ ಉದ್ದಕ್ಕೆ ಎರಡು ಕೈಯಿಂದ ಹಗುರವಾಗಿ ಎಳೆಯಿರಿ. ಸುಕ್ಕು ಮಾಯವಾಗಿ, ಬಿಟ್ಟ ಮೇಲೆ ಮತ್ತೆ ಬಂದರೆ ದಾರವೇ ಕಾರಣ. ಪೂರ್ತಿ ಬಿಚ್ಚಬೇಡಿ. ಸಾಲಿನ ಕೊನೆಯ ಗಂಟು ಮಾತ್ರ ಕತ್ತರಿಸಿ, ಸೂಜಿಯ ಮೊನೆಯಿಂದ ಒಂದೊಂದು ಹೊಲಿಗೆಯನ್ನೂ ತುಸು ಸಡಿಲಿಸುತ್ತಾ ಹಿಂದಕ್ಕೆ ಬನ್ನಿ. ಆಮೇಲೆ ಬೇರೆ ದಾರ ಸೇರಿಸಿ ಗಂಟು ಹಾಕಿ. ಮುಂದಿನ ಸಾಲಿಗೆ ದಾರ ಒಂದು ಕೈಯುದ್ದಕ್ಕಿಂತ ಜಾಸ್ತಿ ಬೇಡ. ಉದ್ದ ದಾರ ಸಿಕ್ಕುಗಟ್ಟುತ್ತದೆ, ಸಿಕ್ಕುಗಟ್ಟಿದರೆ ನಾವು ಸಿಟ್ಟಿನಿಂದ ಜಗ್ಗುತ್ತೇವೆ.

ಗುಳ್ಳೆಯ ಕತೆ ಬೇರೆ. ನಾಲ್ಕೂ ಅಂಚು ಮೊದಲೇ ಗಟ್ಟಿಯಾಗಿ ಹೊಲಿದು ಆಮೇಲೆ ಒಳಗೆ ಬಂದರೆ, ಜಾಸ್ತಿ ಇದ್ದ ಬಟ್ಟೆಗೆ ಹೋಗಲು ದಾರಿ ಇಲ್ಲ. ಅದು ನಡುವೆ ಬಂದು ಕೂರುತ್ತದೆ. ಅಂಚಿನಿಂದ ಸುತ್ತು ಹಾಕುತ್ತಾ ನಡುವಿಗೆ ಹೊಲಿಯುವವರೂ ಇದ್ದಾರೆ. ಅವರ ಕೌದಿ ಸಮ ಇರುತ್ತದೆ, ಯಾಕೆಂದರೆ ಅವರು ತುಂಡನ್ನು ಮೊದಲೇ ಜೋಡಿಸಿರುವುದಿಲ್ಲ. ಒಂದೊಂದೇ ತುಂಡು ಇಟ್ಟು, ಮಡಚಿ, ಹೊಲಿಯುತ್ತಾ ಬರುತ್ತಾರೆ. ಜಾಸ್ತಿ ಆದ ಬಟ್ಟೆ ಪ್ರತಿ ತುಂಡಿನ ಮಡಿಕೆಯೊಳಗೆ ಹೋಗುತ್ತದೆ. ಮಷೀನಿನಲ್ಲಿ ಮೇಲಿನ ಹಾಸು ಮೊದಲೇ ಹೊಲಿದವರು ಅದೇ ದಾರಿ ಹಿಡಿದರೆ ಗುಳ್ಳೆ ಖಂಡಿತ. ನಮಗೆ ನಡುವಿನಿಂದ ಅಂಚಿಗೆ ಹೋಗುವುದೇ ಸರಿ.

ಗುಳ್ಳೆಯ ಮೇಲೆ ಅಂಗೈ ಇಟ್ಟು ಅಂಚಿನ ಕಡೆಗೆ ತಳ್ಳಿ ನೋಡಿ. ಜರುಗಿದರೆ ಪದರಗಳ ನಡುವೆ ಜಾಗ ಇದೆ. ಗುಳ್ಳೆಯಿಂದ ಹತ್ತಿರದ ಅಂಚಿನವರೆಗೆ ಒಂದು ಕಡೆ ಮಾತ್ರ ಬಿಚ್ಚಿ, ಆಚೆ ತಳ್ಳಿ, ಮತ್ತೆ ಹೊಲಿಯಿರಿ. ಜರುಗದೇ ಇದ್ದರೆ ಮೇಲಿನ ತುಂಡೇ ದೊಡ್ಡದಾಗಿದೆ. ಆ ತುಂಡಿನ ಒಂದು ಬದಿ ಬಿಚ್ಚಿ ಚಿಟಿಕೆಯಷ್ಟು ಮಡಚಿ ಹೊಲಿದರೆ ಮುಗಿಯಿತು. ಮೇಲೆ ಒಂದು ಚಿಕ್ಕ ತೇಪೆ ಹಾಕಿದರೂ ಆಯಿತು, ಕೌದಿಗೆ ತೇಪೆ ಅವಮಾನ ಅಲ್ಲ.

ಮುಂದಿನ ಸಲ ಗುಳ್ಳೆ ಬೇಡ ಅಂದರೆ ಅಸ್ತರದ ಸೀರೆಯನ್ನು ಫರಸಿಗೆ ಬಿಗಿಯಾಗಿ ಹಾಸಿ, ನಾಲ್ಕೂ ಕಡೆ ಟೇಪು ಅಂಟಿಸಿ ಇಲ್ಲವೇ ಮೂಲೆಗೆ ಭಾರ ಇಡಿ. ಒಳಗಿನ ಪದರ, ಮೇಲಿನ ಹಾಸು ಹಾಕಿ. ಗೇಣಿಗೊಂದು ಕಚ್ಚಾ ಹೊಲಿಗೆ ಸಾಲು ಎರಡೂ ದಿಕ್ಕಲ್ಲಿ. ಇದಕ್ಕೆ ಒಂದು ಮಧ್ಯಾಹ್ನ ಹೋಗುತ್ತದೆ, ಸೊಂಟ ಹಿಡಿಯುತ್ತದೆ. ಬಿಡಬಾರದ ಕೆಲಸ ಇದೊಂದೇ ನೋಡಿ. ಗುಂಡುಸೂಜಿ ಹಾಕಿದರೆ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಅಂಚು ಅಲೆಯಾಗಿದ್ದರೆ ಟೇಲರ್‌ಗಳು ಕ್ರಾಸ್ ಅನ್ನುವ ಓರೆ ಬಟ್ಟೆ ಅಂಚಿಗೆ ಬಂದಿದೆ. ಬ್ಲೌಸಿನ ಚಿಂದಿಯಲ್ಲಿ ಇದು ಜಾಸ್ತಿ, ಕಂಕುಳ, ಕುತ್ತಿಗೆಯ ಕಡೆ ಉಳಿದ ತುಂಡೆಲ್ಲ ಓರೆಯೇ. ತುಂಡನ್ನು ಅಂಚಿನ ಉದ್ದಕ್ಕೆ ಎಳೆದರೆ ರಬ್ಬರ್ ಹಾಗೆ ಹಿಗ್ಗುತ್ತದಾ ನೋಡಿ. ಹಿಗ್ಗಿದರೆ ಅದೇ ಕಳ್ಳ. ಅಂಥದನ್ನು ಒಳಗೆ ಇಡಿ, ನಾಲ್ಕೂ ಕಡೆ ನೇರ ಬಟ್ಟೆ ಹಿಡಿದುಕೊಳ್ಳಲಿ. ಈಗಾಗಲೇ ಅಂಚಿಗೆ ಬಂದಿದ್ದರೆ ಅಂಚಿನಿಂದ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಒಳಗೆ ಸಾದಾ ಹೊಲಿಗೆ ಹಾಕಿ, ದಾರ ಎಳೆದು ಅಲೆ ಕೂರುವಷ್ಟು ಸೇರಿಸಿ, ಆಮೇಲೆ ಪಟ್ಟಿ ಹಾಕಿ. ಸುತ್ತಲಿನ ಪಟ್ಟಿಯ ಅಳತೆಯನ್ನು ಕೌದಿಯ ಅಂಚಿನಿಂದ ತೆಗೆಯಬೇಡಿ, ನಡುವಿನಿಂದ ತೆಗೆಯಿರಿ. ಅಂಚು ಹಿಗ್ಗಿ ಸುಳ್ಳು ಹೇಳುತ್ತಿರುತ್ತದೆ.

ಬಣ್ಣ ಬಿಟ್ಟಿದೆ

ನನ್ನ ಮೊದಲ ಕೌದಿಯಲ್ಲಿ ಒಂದು ಇಳಕಲ್ ಸೀರೆಯ ಕೆಂಪು ಸೆರಗು, ಅದರ ಪಕ್ಕ ಮಕ್ಕಳ ಬಿಳಿ ಯೂನಿಫಾರ್ಮ್ ಶರ್ಟಿನ ತುಂಡುಗಳು. ಹೊಲಿದು ಮುಗಿಸಿ, ಧೂಳು ಹೋಗಲಿ ಅಂತ ರಾತ್ರಿ ಬಕೀಟಿನಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಬೀಟ್‌ರೂಟ್ ಪಲ್ಯ ಬೇಯಿಸಿದ ನೀರು. ಬಿಳಿ ತುಂಡೆಲ್ಲ ಗುಲಾಬಿ. ಆಗ ಸೀರೆಗೆ ಬೈದೆ. ಈಗ ಗೊತ್ತು, ಸ್ವಲ್ಪ ನೀರಲ್ಲಿ ರಾತ್ರಿಯಿಡೀ ನೆನೆಹಾಕಿದ್ದೇ ತಪ್ಪು. ಬಿಟ್ಟ ಬಣ್ಣಕ್ಕೆ ಹೋಗಲು ಜಾಗ ಇರಲಿಲ್ಲ, ಪಕ್ಕದ ಬಿಳಿಗೆ ಹತ್ತಿತು.

ಕೌದಿ ಇನ್ನೂ ಒದ್ದೆ ಇದ್ದರೆ ಆಸೆ ಇದೆ. ಒಣಗಲು ಬಿಡಬೇಡಿ. ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಅಂತೂ ಬೇಡವೇ ಬೇಡ. ದೊಡ್ಡ ಟಬ್‌ನಲ್ಲಿ ಧಾರಾಳ ನೀರು, ಸ್ವಲ್ಪ ಡಿಟರ್ಜೆಂಟ್ ಪುಡಿ, ಜೊತೆಗೆ ಒಂದೆರಡು ಹಳೇ ಬಿಳಿ ಹತ್ತಿ ಬಟ್ಟೆ ಹಾಕಿ. ಬಿಟ್ಟ ಬಣ್ಣ ಆ ಬಟ್ಟೆಗೂ ಹತ್ತುತ್ತದೆ. ನೀರು ಕೆಂಪಾದ ಕೂಡಲೇ ಚೆಲ್ಲಿ ಹೊಸದು ಹಾಕಿ. ಇದಕ್ಕೆ ನೀರು ಬೇಕಾದಷ್ಟು ಬೇಕು, ಹಾಗಾಗಿ ಬೇಸಿಗೆಯಲ್ಲಿ ಕೌದಿಯನ್ನು ಮೊದಲ ಸಲ ತೊಳೆಯುವುದೇ ನಲ್ಲಿ ನೀರು ಬರುವ ದಿನ ಇರಲಿ. ನೀರು ತಿಳಿಯಾದ ಮೇಲೆ ನೆರಳಲ್ಲಿ ಹರಡಿ ಒಣಗಿಸಿ. ಮಡಚಿ ಹಾಕಿದರೆ ಒದ್ದೆ ಕೆಂಪು ಮತ್ತೆ ಬಿಳಿಯ ಮೇಲೆ ಕೂರುತ್ತದೆ.

ಬ್ಲೀಚಿಂಗ್ ಪುಡಿ ಹಾಕುವ ಯೋಚನೆ ಬಿಡಿ. ಹತ್ತಿದ ಬಣ್ಣದ ಜೊತೆ ಬಟ್ಟೆಯ ಸ್ವಂತ ಬಣ್ಣವೂ ಹೋಗುತ್ತದೆ, ನೂಲೂ ಸಡಿಲವಾಗುತ್ತದೆ. ಹೇಗಿದ್ದರೂ ಬ್ಲೀಚಿನ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್, ವಿನೆಗರ್ ಯಾವುದನ್ನೂ ಬೆರೆಸಬೇಡಿ. ಏಳುವ ಕ್ಲೋರಿನ್ ಗ್ಯಾಸ್ ಎದೆಗೆ ಅಪಾಯ. ಉಪ್ಪು ನೀರಲ್ಲಿ ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಈಗಿನ ಬಣ್ಣಕ್ಕೆ ಅದನ್ನು ನಂಬಿ ಕೂರುವ ಹಾಗಿಲ್ಲ. ನಾನು ಉಪ್ಪು ಹಾಕಿದ ಮರೂನ್ ತುಂಡು ಮುಂದಿನ ತೊಳೆತದಲ್ಲೂ ಬಿಟ್ಟಿತು.

ಹೊಲಿಯುವ ಮುಂಚೆ ಮಾಡುವ ಪರೀಕ್ಷೆ ಎರಡು ನಿಮಿಷದ್ದು. ಕೆಂಪು, ಮರೂನ್, ಕಡು ನೀಲಿ, ಕಪ್ಪು, ಈ ನಾಲ್ಕಕ್ಕೆ ಖಂಡಿತ ಮಾಡಿ. ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಬೇರೆ ತೊಳೆಯಿರಿ, ಮತ್ತೆ ನೋಡಿ. ಮೂರು ಸಲ ತೊಳೆದರೂ ಬಿಟ್ಟರೆ ಆ ತುಂಡು ಕಾಲೊರೆಸಿಗೆ. ಜಾರ್ಜೆಟ್, ಸ್ಯಾಟಿನ್ ತುಂಡಿಗೆ ಇಸ್ತ್ರಿ ಕಾವು ಕಡಿಮೆ ಇರಲಿ, ಇಲ್ಲದಿದ್ದರೆ ಇಸ್ತ್ರಿಗೇ ಅಂಟುತ್ತದೆ.

ತೊಳೆದ ಮೇಲೆ ಮುದುಡಿದೆ, ಅಲ್ಲಲ್ಲಿ ಬಾಯಿ ಬಿಟ್ಟಿದೆ

ಹೊಲಿದಾಗ ಸಮ ಇದ್ದ ಕೌದಿ ತೊಳೆದ ಮೇಲೆ ಮುದುಡಿದರೆ, ಕೆಲವು ತುಂಡು ಕುಗ್ಗಿವೆ, ಕೆಲವು ಕುಗ್ಗಿಲ್ಲ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಹಳೇ ಸೀರೆಯ ಅಸ್ತರ ಕುಗ್ಗುವುದೆಲ್ಲ ಎಂದೋ ಕುಗ್ಗಿ ಮುಗಿದಿರುತ್ತದೆ. ಮೇಲೆ ಹೊಸ ಟು ಬೈ ಟು ಹಾಕಿದರೆ ಅದು ಈಗ ಶುರು ಮಾಡುತ್ತದೆ. ಹಾಗಾಗಿ ಹೊಸ ಚಿಂದಿಯನ್ನು ಕತ್ತರಿಸುವ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಬೇಕು. ಈಗಾಗಲೇ ಆಗಿದ್ದರೆ ಅದಕ್ಕೆ ಮದ್ದಿಲ್ಲ. ಒಂದು ಲೆಕ್ಕದಲ್ಲಿ ಆ ಸಣ್ಣ ಸುಕ್ಕೇ ಕೌದಿಯ ಚೆಂದ.

ಯಾವುದು ಹತ್ತಿ, ಯಾವುದು ಅಲ್ಲ ಅಂತ ಗೊತ್ತಾಗದಿದ್ದರೆ ಒಂದು ನೂಲು ಎಳೆದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿ ಆದರೆ ಪಾಲಿಯೆಸ್ಟರ್. ಎರಡೂ ಇದ್ದರೆ ಟೆರಿಕಾಟ್. ನೂಲನ್ನು ಚಿಮಟದಲ್ಲಿ ಹಿಡಿಯಿರಿ, ಕೆಳಗೆ ನೀರಿನ ತಟ್ಟೆ ಇರಲಿ, ಅಂಗಳದಲ್ಲಿ ಮಾಡಿ. ಚಿಂದಿ ರಾಶಿಯ ಪಕ್ಕ ಕೂತು ಕಡ್ಡಿ ಗೀರಬೇಡಿ. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ.

ಹೊಲಿಗೆ ಬಾಯಿ ಬಿಟ್ಟಿದ್ದರೆ ದಾರ ಹರಿದಿದೆಯೋ ಬಟ್ಟೆ ಹರಿದಿದೆಯೋ ನೋಡಿ. ದಾರ ಹರಿದಿದ್ದರೆ ಸುಲಭ, ಮತ್ತೆ ಹೊಲಿಯಿರಿ. ದಾರ ಗಟ್ಟಿ ಇದ್ದು ಬಟ್ಟೆಯ ನೂಲು ಕಿತ್ತು ಬಂದಿದ್ದರೆ ಅಂಚು ಕಡಿಮೆ ಬಿಟ್ಟಿದ್ದೀರಿ. ಅಲ್ಲಿ ಮೇಲಿನಿಂದ ತೇಪೆಯೇ ಗತಿ. ಹೊಲಿಗೆ ಇಲ್ಲದ ಜಾಗದಲ್ಲೇ ಹರಿದಿದ್ದರೆ ಬಟ್ಟೆ ಮುದಿಯಾಗಿದೆ. ಧೋತರ, ಹಳೇ ಸೀರೆ ಮಡಿಕೆಯ ಜಾಗದಲ್ಲಿ ಮೊದಲು ಸಾಯುತ್ತವೆ. ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನ ನಡುವೆ ಜಗ್ಗಿ ನೋಡಿ. ಸದ್ದೇ ಇಲ್ಲದೆ ಹರಿದರೆ ಅದು ಒಳಪದರಕ್ಕೂ ಬೇಡ.

ಒದ್ದೆ ಕೌದಿಯನ್ನು ಒಂದು ಮೂಲೆ ಹಿಡಿದು ಎತ್ತಬೇಡಿ. ನೀರು ಕುಡಿದ ಭಾರವೆಲ್ಲ ಆ ಮೂಲೆಯ ನಾಲ್ಕು ಹೊಲಿಗೆಯ ಮೇಲೆ ಬೀಳುತ್ತದೆ. ಸುರುಳಿ ಸುತ್ತಿ, ಇಬ್ಬರು ಎತ್ತಿ. ವಾಷಿಂಗ್ ಮಷೀನಿಗೆ ದೊಡ್ಡ ಕೌದಿ ತುರುಕಿದರೆ ಹಿಂಡುವಾಗ ಭಾರ ಒಂದೇ ಕಡೆ ಸೇರಿ ಮಷೀನ್ ಕುಣಿಯುತ್ತದೆ. ಡಬಡಬ ಸದ್ದು ಬಂದರೆ ನಿಲ್ಲಿಸಿ ಹೊರಗೆ ತೆಗೆಯಿರಿ.

ಒರಟಾಗಿದೆ, ವಾಸನೆ ಬರುತ್ತಿದೆ

ಬೋರ್ ನೀರು ಗಡಸು ಇದ್ದರೆ ಬಾರ್ ಸಾಬೂನು ನೊರೆ ಬಿಡುವುದಿಲ್ಲ. ಸುಣ್ಣದ ಅಂಶದ ಜೊತೆ ಸೇರಿ ಜಿಡ್ಡಾಗಿ ಬಟ್ಟೆಯಲ್ಲೇ ಕೂರುತ್ತದೆ. ನಮ್ಮ ನೆಲದ ಕೆಳಗೆ ಸುಣ್ಣದ ಕಲ್ಲೇ ಇದೆ, ನೀರು ಇನ್ನೇನಾಗಬೇಕು. ಡಿಟರ್ಜೆಂಟ್ ಪುಡಿ ಬಳಸಿ, ಒಂದು ಸಲ ಜಾಸ್ತಿ ಜಾಲಿಸಿ. ಮಳೆ ನೀರು ಸಿಕ್ಕರೆ ಕೊನೆಯ ಜಾಲಿಕೆ ಅದರಲ್ಲಿ.

ಮುಗ್ಗು ವಾಸನೆ ಅಂದರೆ ಮೇಲೆ ಒಣಗಿ ಒಳಗೆ ಒಣಗಿಲ್ಲ. ಕೈ ಒಳಗೆ ಒತ್ತಿ ನೋಡಿ, ತಣ್ಣಗೆ ತಾಗಿದರೆ ಇನ್ನೂ ನೀರಿದೆ. ಮೇ ತಿಂಗಳ ಬಿಸಿಲಿಗೆ ಒಂದು ದಿನ ಸಾಕು, ಉಲ್ಟಾ ಹಾಕಿ, ಬಣ್ಣ ಉಳಿಯುತ್ತದೆ. ಮಳೆಗಾಲದಲ್ಲಿ ತೊಳೆಯಲೇಬೇಡಿ. ಕಪ್ಪು ಚುಕ್ಕೆ ಬಿದ್ದು ಉಜ್ಜಿದರೂ ಹೋಗದಿದ್ದರೆ ಬೂಸ್ಟು ಒಳಗೆ ಇಳಿದಿದೆ. ಉಬ್ಬಸ ಇರುವವರಿಗೆ, ಕೂಸಿಗೆ ಅದನ್ನು ಹಾಸಬೇಡಿ. ವರ್ಷ ತುಂಬದ ಕೂಸಿಗೆ ಹೇಗೂ ಭಾರದ ಕೌದಿ ಹೊದಿಸಬಾರದು, ಮುಖದ ಮೇಲೆ ಬಂದರೆ ಸರಿಸುವ ಶಕ್ತಿ ಅದಕ್ಕಿಲ್ಲ.

ಎಷ್ಟು ಬಿಚ್ಚಬೇಕು, ಯಾವಾಗ ಬಿಡಬೇಕು

ನನ್ನ ಲೆಕ್ಕ ಹೀಗೆ. ಒಂದು ತುಂಡು, ಒಂದು ಸಾಲು ಕೆಟ್ಟಿದ್ದರೆ ನಾನೇ ಸರಿಮಾಡುತ್ತೇನೆ. ಮೇಲಿನ ಹಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗುಳ್ಳೆ ಇದ್ದರೆ ಮೊದಲು ಕೌದಿ ಹೊಲಿಯುವ ಹೆಂಗಸರಿಗೆ ತೋರಿಸುತ್ತೇನೆ. ಬೇಸಿಗೆಯಲ್ಲಿ ಓಣಿ ಓಣಿ ಕೂಗುತ್ತಾ ಬರುತ್ತಾರೆ. ಅವರು ಕೌದಿಯನ್ನು ನೆಲಕ್ಕೆ ಹಾಸಿ ಕಾಲಿಂದ ಒಮ್ಮೆ ತಳ್ಳಿದರೆ ಸಾಕು, ಎಲ್ಲಿ ಬಿಚ್ಚಬೇಕು ಅಂತ ಬೆರಳು ಇಡುತ್ತಾರೆ. ಅವರ ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ, ಅಷ್ಟು ಹೊಲಿಗೆ ಹಾಕಲು ಎಷ್ಟು ದಿನ ಬೇಕು ಅಂತ ಈಗ ನಿಮಗೂ ಗೊತ್ತು.

ಅಸ್ತರವೇ ಜಾಳಾಗಿ ಕೈ ಹಾಕಿದಲ್ಲಿ ಹರಿದರೆ ಯಾರಿಂದಲೂ ಆಗುವುದಿಲ್ಲ. ಆಗ ಮೇಲೆ ಕೆಳಗೆ ಹೊಸ ಬಟ್ಟೆ ಹಾಕಿ ಹಳೇ ಕೌದಿಯನ್ನೇ ಒಳಪದರ ಮಾಡಿಬಿಡಿ. ನನ್ನ ಗುಲಾಬಿ ಕೌದಿ ಈಗ ಇನ್ನೊಂದು ಕೌದಿಯ ಹೊಟ್ಟೆಯಲ್ಲಿದೆ. ಒಳಗೆ ಹಾಕುವ ಮುಂಚೆ ಇಡೀ ಕೌದಿಗೆ ಅಯಸ್ಕಾಂತ ಆಡಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ನನ್ನದರಲ್ಲಿ ಒಂದು ಗುಂಡುಸೂಜಿ, ಅರ್ಧ ಮುರಿದ ಸೂಜಿ ಸಿಕ್ಕವು. ನಾಲ್ಕು ವರ್ಷ ಅದರ ಮೇಲೇ ಮಲಗಿದ್ದೆವು.